‘ಎರಡು ವರ್ಷದಿಂದ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ಬೆಂಗಳೂರಿನ ಕಾಡುಗೋಡಿ, ಹೋಪ್ ಫಾರಂ, ಐಟಿಪಿಎಲ್ ಕಡೆ ಕೆಲಸದ ಸಂದರ್ಶನಕ್ಕೆ ಹೋಗಿ ಬಂದ ಯಾರನ್ನೇ ಕೇಳಿ ನೋಡಿ. ಮೊದಲ ಪ್ರಶ್ನೆ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’. ಉತ್ತರದಲ್ಲಿ ಎಲ್ಲೋ ಒಂದು ಕಡೆ ಈ ವಾಕ್ಯ ನುಸುಳುತ್ತದೆ: ‘ಐ ಆ್ಯಮ್ ವರ್ಕಿಂಗ್ ದೇರ್ ಸಿನ್ಸ್ ಟೂ ಇಯರ್ಸ್’. ಎದುರಿಗೆ ಕೂತವರಿಗೆ ಅರ್ಥವಾಗುತ್ತದೆ, ಕೆಲಸವೂ ಸಿಕ್ಕೀತು. ಆದರೂ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಒಂದು ಟೆನ್ಸಿನದು, ಇನ್ನೊಂದು ಪ್ರಿಪೊಸಿಷನ್ನಿನದು. ಎರಡೂ ಹುಟ್ಟಿದ್ದು ‘ಎರಡು ವರ್ಷದಿಂದ ಕೆಲಸ ಮಾಡ್ತಿದ್ದೀನಿ’ ಎಂಬ, ಎಳ್ಳಷ್ಟೂ ತಪ್ಪಿಲ್ಲದ ಕನ್ನಡ ವಾಕ್ಯದಿಂದ.

ಕನ್ನಡಿಗರ ಇಂಗ್ಲಿಷ್ ತಪ್ಪುಗಳಿಗೆ ಹೀಗೆ ಒಂದು ಲೆಕ್ಕವಿದೆ. ಕನ್ನಡದ ಯಾವ ಪ್ರತ್ಯಯ, ಯಾವ ಕ್ರಿಯಾಪದ ರೂಪ ಯಾವ ತಪ್ಪನ್ನು ಮಾಡಿಸುತ್ತದೆ ಎಂದು ಗೊತ್ತಾದರೆ ದಪ್ಪನೆಯ ವ್ಯಾಕರಣ ಪುಸ್ತಕವನ್ನು ಬಾಯಿಪಾಠ ಮಾಡಬೇಕಿಲ್ಲ.

ಇಂಗ್ಲಿಷ್ ಈ ಸೀಮೆಗೆ ಹೊಸದೇನಲ್ಲ. 1882ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಕೊಟ್ಟ ಜಮೀನಿನಲ್ಲಿ ಅವರು ವೈಟ್‌ಫೀಲ್ಡ್ ಊರು ಕಟ್ಟಿಕೊಂಡಾಗಲೇ ಪಕ್ಕದ ಕಾಡುಗೋಡಿಯವರ ಕಿವಿಗೆ ಅದು ಬಿದ್ದಿರಬೇಕು. ಆದರೆ ಆಗ ಅದು ನೆರೆಯವರ ಭಾಷೆ, ಈಗ ಅನ್ನದ ಭಾಷೆ. ಮಾಲೂರು, ಬಂಗಾರಪೇಟೆ ಕಡೆಯಿಂದ ವೈಟ್‌ಫೀಲ್ಡ್ ರೈಲು ನಿಲ್ದಾಣಕ್ಕೆ ಬಂದಿಳಿಯುವವರು, 2023ರಿಂದ ಮೆಟ್ರೊ ನೇರಳೆ ಮಾರ್ಗದ ಕೊನೆಯ ನಿಲ್ದಾಣವಾದ ಕಾಡುಗೋಡಿಗೆ ಬರುವವರು, ಇಲ್ಲೇ ಚನ್ನಸಂದ್ರ, ಬೆಳತೂರಿನಲ್ಲಿ ಮನೆ ಮಾಡಿಕೊಂಡವರು ಒಂದೇ ದಿನದಲ್ಲಿ ಮೂರು ನಾಲ್ಕು ಭಾಷೆ ಆಡುತ್ತಾರೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗೋ ತಮಿಳೋ, ಗೇಟಿನಲ್ಲಿ ಹಿಂದಿ, ಲಿಫ್ಟ್ ಹತ್ತಿ ಮೇಲೆ ಹೋದರೆ ಇಂಗ್ಲಿಷ್. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸತೊಡಗಿದ್ದು 2007-08ರಲ್ಲಿ. ಆ ವರ್ಷ ಸೇರಿದ ಮಕ್ಕಳು ಈಗ ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸಿನವರು. ಅವರಿಗೆ ಪದಗಳ ಕೊರತೆಯಿಲ್ಲ. ಸಾಫ್ಟ್‌ವೇರಿನ, ಲೆಕ್ಕಪತ್ರದ ದೊಡ್ಡ ದೊಡ್ಡ ಪದಗಳು ಸಲೀಸು. ಕೈಕೊಡುವುದು ಸಿನ್ಸ್, ಫಾರ್, ಬೈ, ಟು, ಹ್ಯಾಡ್ ಎಂಬ ಚಿಲ್ಲರೆಗಳು.

‘ಇಂದ’ ಮಾಡುವ ಕೆಲಸ

ಕನ್ನಡದ ‘ಇಂದ’ ಬಹಳ ದುಡಿಯುವ ಪ್ರತ್ಯಯ. ಮಾಲೂರಿನಿಂದ ಬಂದೆ, ಚಾಕುವಿನಿಂದ ಕತ್ತರಿಸಿದೆ, ಮಳೆಯಿಂದ ತಡವಾಯಿತು, ಸೋಮವಾರದಿಂದ ಜ್ವರ, ಎರಡು ದಿನದಿಂದ ಜ್ವರ. ಐದಕ್ಕೂ ಅದೊಂದೇ ಸಾಕು. ಇಂಗ್ಲಿಷಿನಲ್ಲಿ ಕ್ರಮವಾಗಿ ಫ್ರಮ್, ವಿತ್, ಬಿಕಾಸ್ ಆಫ್, ಸಿನ್ಸ್, ಫಾರ್ ಎಂದು ಐದು ಬೇಕು. ನಾವು ಎಡವುವುದು ಕೊನೆಯ ಎರಡರಲ್ಲಿ.

ಶುರುವಾದ ಹೊತ್ತು, ದಿನ, ವರ್ಷವನ್ನು ಹೇಳುವುದಾದರೆ ಸಿನ್ಸ್: ‘ಸಿನ್ಸ್ ಮಂಡೇ’, ‘ಸಿನ್ಸ್ 2023’, ‘ಸಿನ್ಸ್ ಐ ಜಾಯಿನ್ಡ್’. ಎಷ್ಟು ಕಾಲ ಎಂಬ ಅಳತೆ ಹೇಳುವುದಾದರೆ ಫಾರ್: ‘ಫಾರ್ ಟೂ ಡೇಸ್’, ‘ಫಾರ್ ಎ ಲಾಂಗ್ ಟೈಮ್’. ಅನುಮಾನ ಬಂದಾಗ ಕನ್ನಡದಲ್ಲೇ ಪ್ರಶ್ನೆ ಹಾಕಿಕೊಳ್ಳಿ. ‘ಯಾವಾಗಿನಿಂದ?’ ಎಂಬುದಕ್ಕೆ ಉತ್ತರವಾದರೆ ಸಿನ್ಸ್, ‘ಎಷ್ಟು ದಿನದಿಂದ?’ ಎಂಬುದಕ್ಕಾದರೆ ಫಾರ್.

ಇನ್ನು ಟೆನ್ಸ್. ‘ಈಗ ಊಟ ಮಾಡ್ತಿದ್ದೀನಿ’ ಎಂಬಲ್ಲಿ ‘ಐ ಆ್ಯಮ್ ಈಟಿಂಗ್’ ಸರಿಯೇ. ಹಿಂದೆ ಯಾವತ್ತೋ ಶುರುವಾಗಿ ಈಗಲೂ ನಡೆಯುತ್ತಿದೆ, ಎಷ್ಟು ಕಾಲದಿಂದ ಎಂದೂ ಹೇಳಬೇಕು ಎಂದಾಗ ಮಾತ್ರ ಇಂಗ್ಲಿಷ್ ‘ಹ್ಯಾವ್ ಬೀನ್’ ಕೇಳುತ್ತದೆ. ಹಾಗಾಗಿ ಸಂದರ್ಶನದ ವಾಕ್ಯ ಹೀಗಾಗಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್ ದೇರ್ ಫಾರ್ ಟೂ ಇಯರ್ಸ್’. ಗುರುತಿಟ್ಟುಕೊಳ್ಳಲು ಕನ್ನಡದ ಬಾಲವನ್ನೇ ನೋಡಿದರಾಯಿತು. ಕಾಲ ಹೇಳುವ ‘ಇಂದ’ದ ಜೊತೆ ‘ಇದೆ, ಇದ್ದೇನೆ’ ಬಂದರೆ ಹ್ಯಾವ್ ಬೀನ್ ಅಥವಾ ಹ್ಯಾಸ್ ಬೀನ್. ‘ಇತ್ತು, ಇದ್ದೆ’ ಬಂದರೆ ಹ್ಯಾಡ್ ಬೀನ್.

ಇದು ಬರೀ ಚಂದಕ್ಕೆ ಹೇಳುವ ಮಾತಲ್ಲ. ಸಾದರಮಂಗಲ, ಕಾಡುಗೋಡಿ ಕೈಗಾರಿಕಾ ಪ್ರದೇಶದಂಥ ಕಡೆ ಪಾಳಿ ಬದಲಾಗುವಾಗ ಲಾಗ್‌ಬುಕ್ಕಿನಲ್ಲಿ ಬರೆಯುವ ಒಂದು ಸಾಲು ತೆಗೆದುಕೊಳ್ಳಿ. ಬೆಳಗಿನ ಪಾಳಿಯ ಆಪರೇಟರ್ ‘ಪಂಪ್ ಹ್ಯಾಸ್ ಬೀನ್ ಲೀಕಿಂಗ್ ಸಿನ್ಸ್ ಮಾರ್ನಿಂಗ್’ ಎಂದು ಬರೆದು ಹೋದರೆ, ಮಧ್ಯಾಹ್ನ ಬಂದವನು ಪಂಪು ಈಗಲೂ ಸೋರುತ್ತಿದೆ ಎಂದೇ ತಿಳಿಯಬೇಕು. ‘ಪಂಪ್ ವಾಸ್ ಲೀಕಿಂಗ್ ದಿಸ್ ಮಾರ್ನಿಂಗ್. ಐ ಚೇಂಜ್ಡ್ ದ ಸೀಲ್ ಅಟ್ 11’ ಎಂದು ಬರೆದಿದ್ದರೆ ಸೋರಿದ್ದು ಬೆಳಿಗ್ಗೆ, ರಿಪೇರಿ ಮುಗಿದಿದೆ ಎಂದರ್ಥ. ಎರಡನೇ ಪಾಳಿಯವನು ಸ್ಪ್ಯಾನರ್ ಎತ್ತಿಕೊಂಡು ಓಡಬೇಕೋ ಬೇಡವೋ ಎಂಬುದು ಆ ಒಂದು ಟೆನ್ಸಿನ ಮೇಲೆ ನಿಂತಿದೆ.

‘ಹೋಗಿದ್ದೆ’ ಎಂದರೆ ‘ಹ್ಯಾಡ್ ಗಾನ್’ ಅಲ್ಲ

‘ಹೋದ ವಾರ ಊರಿಗೆ ಹೋಗಿದ್ದೆ’ ಎಂಬುದನ್ನು ನಮ್ಮವರು ‘ಲಾಸ್ಟ್ ವೀಕ್ ಐ ಹ್ಯಾಡ್ ಗಾನ್ ಟು ಮೈ ನೇಟಿವ್’ ಎನ್ನುತ್ತಾರೆ. ನನ್ನ ಪ್ರಕಾರ ಕಾಡುಗೋಡಿಯಿಂದ ಎಲೆಕ್ಟ್ರಾನಿಕ್ ಸಿಟಿಯ ತನಕ ಅತಿ ಹೆಚ್ಚು ಕಿವಿಗೆ ಬೀಳುವ ತಪ್ಪು ಇದೇ, ಓದಿದವರಲ್ಲೇ ಇನ್ನೂ ಜಾಸ್ತಿ. ‘ಹ್ಯಾಡ್’ ಹಾಕಿದರೆ ಇಂಗ್ಲಿಷ್ ಸ್ವಲ್ಪ ಗಂಭೀರವಾಗಿ ಕೇಳಿಸುತ್ತದೆ ಎಂಬ ಭ್ರಮೆಯೂ ಇದಕ್ಕೆ ಕಾರಣವಿದ್ದೀತು.

ಕನ್ನಡದ ‘ಹೋಗಿದ್ದೆ’ಯಲ್ಲಿ ಹೋಗಿ ಬಂದೂ ಆಯಿತು ಎಂಬ ಧ್ವನಿಯಿದೆ. ಇಂಗ್ಲಿಷಿನ ಹ್ಯಾಡ್‌ಗೆ ಆ ಧ್ವನಿಯಿಲ್ಲ. ಆಗಿಹೋದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ನಡೆಯಿತು ಎಂದು ತೋರಿಸುವುದು ಅದರ ಕೆಲಸ. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಬಂಗಾರಪೇಟ್ ಟ್ರೇನ್ ಹ್ಯಾಡ್ ಲೆಫ್ಟ್.’ ನಾನು ತಲುಪಿದ್ದು ಒಂದು, ರೈಲು ಹೊರಟಿದ್ದು ಇನ್ನೊಂದು. ಮೊದಲು ನಡೆದಿದ್ದಕ್ಕೆ ಹ್ಯಾಡ್. ಹೋಲಿಸಲು ಎರಡನೇ ಸಂಗತಿಯೇ ಇಲ್ಲದಿದ್ದರೆ ಹ್ಯಾಡ್‌ಗೆ ಅಲ್ಲಿ ಕೆಲಸವಿಲ್ಲ. ‘ಐ ವೆಂಟ್ ಹೋಮ್ ಲಾಸ್ಟ್ ವೀಕ್’ ಸಾಕು. ಮೇಲ್‌ನಲ್ಲಿ ‘ಆ್ಯಸ್ ಐ ಹ್ಯಾಡ್ ಟೋಲ್ಡ್ ಯು ಯೆಸ್ಟರ್ಡೇ’ ಎಂದು ಬರೆಯುವವರೂ ಹ್ಯಾಡ್ ಹೊಡೆದುಹಾಕಿ ‘ಆ್ಯಸ್ ಐ ಟೋಲ್ಡ್ ಯು’ ಎನ್ನಬಹುದು.

ಇದರ ತಮ್ಮ ‘ಹ್ಯಾವ್’. ಮ್ಯಾನೇಜರ್ ‘ಫೈಲ್ ಎಲ್ಲಿ?’ ಎಂದು ಕೇಳಿದಾಗ ‘ನಿನ್ನೆಯೇ ಕಳಿಸಿದ್ದೀನಿ ಸಾರ್’ ಎಂಬುದು ಬಾಯಿಗೆ ಬಂದು, ಅದೇ ಉಸಿರಿನಲ್ಲಿ ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ ಓನ್ಲಿ ಸರ್’ ಆಗುತ್ತದೆ. ದಿನ, ಗಂಟೆ, ವರ್ಷ ಹೆಸರಿಸಿ ಆಗಿಹೋದದ್ದನ್ನು ಹೇಳುವಾಗ ಹ್ಯಾವ್ ಬರುವಂತಿಲ್ಲ: ‘ಐ ಸೆಂಟ್ ಇಟ್ ಯೆಸ್ಟರ್ಡೇ’. ಯಾವಾಗ ಎಂದು ಹೇಳದೆ, ಕೆಲಸ ಆಗಿದೆ ಎಂದಷ್ಟೇ ತಿಳಿಸುವುದಾದರೆ ‘ಐ ಹ್ಯಾವ್ ಸೆಂಟ್ ಇಟ್’. ಆ ‘ಓನ್ಲಿ’ ನಮ್ಮ ‘ನಿನ್ನೆಯೇ’ಯ ‘ಏ’ಕಾರ. ಅದನ್ನು ಬಿಟ್ಟುಬಿಡಿ ಎನ್ನಲು ನನಗೇನೂ ಮನಸ್ಸಿಲ್ಲ, ನಮ್ಮ ನಮ್ಮೊಳಗೆ ಚೆನ್ನಾಗಿಯೇ ನಡೆಯುತ್ತದೆ. ಹೊರದೇಶದ ಗ್ರಾಹಕರಿಗೆ ಬರೆಯುವಾಗ ಬೇಡ.

ದಿನಾ ಬರ್ತೀನಿ, ನಾಳೆ ಬರ್ತೀನಿ

ಶಾಲೆಯಲ್ಲಿ ನಾವು ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಕಾಲ ಕಲಿತಿದ್ದೇವೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಇದನ್ನು ಒಪ್ಪಲಿಲ್ಲ. ಕನ್ನಡದ ಕ್ರಿಯಾಪದಗಳು ನಿಜಕ್ಕೂ ತೋರಿಸುವುದು ಆಗಿಹೋದದ್ದು ಮತ್ತು ಆಗದೆ ಇರುವುದು ಎಂಬ ಎರಡನ್ನೇ ಎಂದು ಅವರು ವಾದಿಸಿದರು. ಆಡುಮಾತನ್ನು ಗಮನಿಸಿದರೆ ಮಾತು ಒಪ್ಪುವಂತಿದೆ. ‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’ ಎರಡಕ್ಕೂ ರೂಪ ಒಂದೇ. ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ.

ಹೀಗಾಗಿಯೇ ಸಂದರ್ಶನದಲ್ಲಿ ‘ವಾಟ್ ಡು ಯು ಡೂ ದೇರ್?’ ಎಂದು ಕೇಳಿದರೆ ‘ಡೈಲಿ ಐ ವಿಲ್ ಚೆಕ್ ದ ಮೆಷಿನ್, ದೆನ್ ಐ ವಿಲ್ ಅಪ್‌ಡೇಟ್ ದ ಶೀಟ್’ ಎಂಬ ಉತ್ತರ ಬರುತ್ತದೆ. ಇಂಗ್ಲಿಷ್ ಕಿವಿಗೆ ಇದು ಇನ್ನು ಮುಂದೆ ಮಾಡುತ್ತೇನೆ ಎಂಬ ಭರವಸೆಯ ಹಾಗೆ ಕೇಳಿಸಬಹುದು. ಈಗ ರೂಢಿಯಲ್ಲಿ ಮಾಡುತ್ತಿರುವ ಕೆಲಸಕ್ಕೆ ವಿಲ್ ಬೇಡ: ‘ಐ ಚೆಕ್ ದ ಮೆಷಿನ್ ಆ್ಯಂಡ್ ಅಪ್‌ಡೇಟ್ ದ ಶೀಟ್’. ವಿಲ್ ಬೇಕಾಗುವುದು ಮಾತು ಕೊಡುವಾಗ, ಅಲ್ಲೇ ತೀರ್ಮಾನ ಮಾಡಿದಾಗ, ಮುಂದಾಗುವುದನ್ನು ಊಹಿಸುವಾಗ. ಮೊದಲೇ ಗೊತ್ತುಮಾಡಿಕೊಂಡ ಭೇಟಿಗೆ ‘ಐ ಆ್ಯಮ್ ಮೀಟಿಂಗ್ ಹಿಮ್ ಟುಮಾರೊ’ ಎಂಬುದೇ ಸಹಜ.

ಕೆಲವು ಕಡೆ ನಮ್ಮ ಭಾಷೆಯೇ ದಾರಿ ತೋರಿಸುತ್ತದೆ. ‘ಇಫ್ ಹಿ ವಿಲ್ ಕಮ್’, ‘ವೆನ್ ಯು ವಿಲ್ ರೀಚ್’ ಎಂಬ ತಪ್ಪನ್ನು ಕನ್ನಡಿಗರು ಮಾಡಬೇಕಾದ ಅಗತ್ಯವೇ ಇಲ್ಲ. ‘ಬಸ್ ಬಂದರೆ ಹೋಗ್ತೀನಿ’, ‘ನೀವು ತಲುಪಿದಾಗ ಫೋನ್ ಮಾಡಿ’ ಎನ್ನುವಾಗ ‘ಬಂದರೆ’, ‘ತಲುಪಿದಾಗ’ಗಳಲ್ಲಿ ಭವಿಷ್ಯತ್ತಿನ ಸುಳಿವೂ ಇಲ್ಲ. ಇಂಗ್ಲಿಷಿನಲ್ಲೂ ಇಫ್, ವೆನ್ ಇರುವ ತುಂಡಿನಲ್ಲಿ ವಿಲ್ ಸಾಮಾನ್ಯವಾಗಿ ಇರುವುದಿಲ್ಲ: ‘ಇಫ್ ದ ಬಸ್ ಕಮ್ಸ್, ಐ ವಿಲ್ ಗೋ’, ‘ಕಾಲ್ ಮಿ ವೆನ್ ಯು ರೀಚ್ ಹೋಮ್’. ‘ಐ ಡಿಡ್ ನಾಟ್ ವೆಂಟ್’ ಎನ್ನುವವರೂ ‘ಬಂದ’, ‘ಬರಲಿಲ್ಲ’ ಎಂಬ ಜೋಡಿಯನ್ನು ನೆನೆಯಲಿ. ‘ಬಂದಲಿಲ್ಲ’ ಎಂದು ಯಾರಾದರೂ ಅನ್ನುತ್ತಾರೆಯೇ? ಇಲ್ಲ ಎಂದಾಗ ಭೂತಕಾಲದ ಗುರುತು ಮೂಲ ಕ್ರಿಯಾಪದವನ್ನು ಬಿಟ್ಟು ಹೋಗುವುದು ಎರಡೂ ಭಾಷೆಯಲ್ಲಿದೆ: ‘ಡಿಡ್ ನಾಟ್ ಗೋ’.

‘ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’, ‘ಐ ಆ್ಯಮ್ ನಾಟ್ ನೋಯಿಂಗ್’ ಬಗ್ಗೆ ಎಲ್ಲರೂ ತಮಾಷೆ ಮಾಡಿ ಮುಗಿದಿದೆ. ಹ್ಯಾವ್, ನೋ, ಅಂಡರ್‌ಸ್ಟ್ಯಾಂಡ್, ನೀಡ್, ಬಿಲಾಂಗ್‌ಗಳಿಗೆ ಇಂಥ ಅರ್ಥದಲ್ಲಿ ‘ಇಂಗ್’ ಹಚ್ಚಬೇಡಿ, ಅಷ್ಟೇ.

ಅಲ್ಲಿ, ಗೆ, ಒಳಗೆ

‘ಕಾಡುಗೋಡಿಯಲ್ಲಿ’, ‘ರಸ್ತೆಯಲ್ಲಿ’, ‘ಸಿಗ್ನಲ್ಲಿನಲ್ಲಿ’ ಎಲ್ಲಕ್ಕೂ ನಮಗೆ ‘ಅಲ್ಲಿ’ ಒಂದೇ. ಇಂಗ್ಲಿಷಿನಲ್ಲಿ ಊರು, ಬಡಾವಣೆ, ಕೋಣೆ ಹೀಗೆ ಸುತ್ತ ಎಲ್ಲೆಯಿರುವ ಜಾಗಕ್ಕೆ ಇನ್. ರಸ್ತೆ, ಮಹಡಿ, ಪ್ಲಾಟ್‌ಫಾರಂ ಹೀಗೆ ಗೆರೆಗೋ ಮೇಲ್ಮೈಗೋ ಆನ್. ಗುರುತಿನ ಒಂದು ಬಿಂದುವಿಗೆ ಅಟ್. ವಿಳಾಸ ಹೇಳುವಾಗ ಇದು ಸಲೀಸಾಗಿ ಬಂದುಬಿಡಬೇಕು: ‘ಐ ಲಿವ್ ಇನ್ ಕಾಡುಗೋಡಿ, ಆನ್ ಚನ್ನಸಂದ್ರ ಮೇನ್ ರೋಡ್. ಐ ವಿಲ್ ವೇಟ್ ಅಟ್ ಹೋಪ್ ಫಾರಂ ಜಂಕ್ಷನ್’. ವಾಹನದ ವಿಷಯಕ್ಕೆ ಬಂದರೆ, ಎದ್ದು ನಿಂತು ಓಡಾಡಬಹುದಾದ ಬಸ್ಸು, ರೈಲು, ಮೆಟ್ರೊಗೆ ಆನ್; ಬಗ್ಗಿ ಒಳಗೆ ಕೂರುವ ಆಟೊ, ಕಾರಿಗೆ ಇನ್. ಮೆಜೆಸ್ಟಿಕ್‌ನಿಂದ 335ಇ ಹತ್ತಿದರೆ ‘ಐ ಆ್ಯಮ್ ಆನ್ ದ ಬಸ್’, ಇಳಿಯುವಾಗ ‘ಗೆಟ್ ಆಫ್’. ಆಟೊದಿಂದಾದರೆ ‘ಗೆಟ್ ಔಟ್ ಆಫ್’.

ಗಡುವಿನ ವಿಷಯದಲ್ಲಿ ತಪ್ಪಿದರೆ ಜಗಳವೇ ಆಗುತ್ತದೆ. ‘ಶುಕ್ರವಾರದೊಳಗೆ ಕೊಡ್ತೀನಿ’ ಎಂಬುದು ‘ವಿದಿನ್ ಫ್ರೈಡೇ’ ಅಲ್ಲ, ‘ಬೈ ಫ್ರೈಡೇ’. ವಿದಿನ್ ಬರುವುದು ಕಾಲದ ಅಳತೆಯ ಜೊತೆ: ‘ವಿದಿನ್ ತ್ರೀ ಡೇಸ್’. ‘ಶುಕ್ರವಾರದ ತನಕ’ ಎಂದರೆ ‘ಅನ್‌ಟಿಲ್ ಫ್ರೈಡೇ’, ಅಂದರೆ ಅಲ್ಲಿಯವರೆಗೂ ನಡೆಯುತ್ತಲೇ ಇರುವ ಕೆಲಸ. ‘ಬಿಫೋರ್ ಫ್ರೈಡೇ’ ಎಂದು ಬರೆದರೆ ಗುರುವಾರವೇ ಕೊಡಬೇಕಾಗುತ್ತದೆ. ಎಷ್ಟೋ ಜನ ಗೊತ್ತಿಲ್ಲದೆ ತಮ್ಮ ಒಂದು ದಿನವನ್ನು ತಾವೇ ಬಿಟ್ಟುಕೊಡುತ್ತಾರೆ.

ಇನ್ನು ‘ಗೆ’. ಎಲ್ಲಕ್ಕಿಂತ ಕಿಲಾಡಿ ಇದೇ. ಕನ್ನಡದಲ್ಲಿ ‘ಗೆ’ ಕಂಡ ಕೂಡಲೇ ನಮ್ಮ ಕೈ ‘ಟು’ ಕಡೆಗೆ ಹೋಗುತ್ತದೆ. ಕಾಡುಗೋಡಿಗೆ ತಲುಪಿದೆ, ಮೀಟಿಂಗಿಗೆ ಹಾಜರಾದೆ, ಬಸ್ಸಿಗೆ ಕಾಯ್ತಿದ್ದೀನಿ, ನನಗೆ ಹೇಳಿದರು, ನನಗೆ ವಿವರಿಸಿ. ಇವುಗಳಲ್ಲಿ ಇಂಗ್ಲಿಷಿಗೆ ಟು ಬೇಕಾಗಿರುವುದು ಕೊನೆಯದಕ್ಕೆ ಮಾತ್ರ. ‘ರೀಚ್ಡ್ ಕಾಡುಗೋಡಿ’, ‘ಅಟೆಂಡೆಡ್ ದ ಮೀಟಿಂಗ್’, ‘ವೇಟಿಂಗ್ ಫಾರ್ ದ ಬಸ್’, ‘ಟೋಲ್ಡ್ ಮಿ’. ಬೇಕಾದ ಕಡೆ ನಾವು ಬಿಡುತ್ತೇವೆ, ‘ಎಕ್ಸ್‌ಪ್ಲೇನ್ ಮಿ’ ಎನ್ನುತ್ತೇವೆ. ಅದು ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಆಗಬೇಕು. ಟೆಲ್ ಮತ್ತು ಸೇ ಅರ್ಥದಲ್ಲಿ ಹತ್ತಿರದವು, ನಡತೆಯಲ್ಲಿ ದೂರ: ‘ಹಿ ಟೋಲ್ಡ್ ಮಿ’, ‘ಹಿ ಸೆಡ್ ಟು ಮಿ’.

ಹಾಗೆಯೇ ‘ಬಗ್ಗೆ’ ಎಂಬ ಪದ ‘ಡಿಸ್ಕಸ್ ಅಬೌಟ್’ ಎಂದು ಬರೆಸುತ್ತದೆ. ಡಿಸ್ಕಸ್‌ಗೆ ಯಾವ ಬಾಲವೂ ಬೇಡ: ‘ವಿ ಡಿಸ್ಕಸ್ಡ್ ದ ಸ್ಯಾಲರಿ’. ರೀಚ್, ಅಟೆಂಡ್, ಕಾಂಟ್ಯಾಕ್ಟ್, ಆನ್ಸರ್, ಆರ್ಡರ್, ರಿಕ್ವೆಸ್ಟ್, ಮ್ಯಾರಿ, ಕೋಣೆಯೊಳಗೆ ಹೋಗುವ ಅರ್ಥದ ಎಂಟರ್ ಕೂಡ ಇದೇ ಜಾತಿ. ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ, ಶಾಲೆಯಲ್ಲಿ ಇದನ್ನು ಒತ್ತಿ ಹೇಳುವುದು ಕಡಿಮೆ. ಅದೇ ಪದ ನಾಮಪದವಾದರೆ ಬಾಲ ಬರುತ್ತದೆ. ಡಿಸ್ಕಸ್ ದ ಸ್ಯಾಲರಿ, ಆದರೆ ‘ಎ ಡಿಸ್ಕಷನ್ ಅಬೌಟ್ ದ ಸ್ಯಾಲರಿ’. ರಿಕ್ವೆಸ್ಟ್ ಲೀವ್, ಆದರೆ ‘ಎ ರಿಕ್ವೆಸ್ಟ್ ಫಾರ್ ಲೀವ್’. ಆನ್ಸರ್ ದ ಕ್ವೆಶ್ಚನ್, ಆದರೆ ‘ದ ಆನ್ಸರ್ ಟು ದ ಕ್ವೆಶ್ಚನ್’. ‘ರಿಪ್ಲೈ’ ಮಾತ್ರ ಎರಡೂ ಕಡೆ ಟು ಬಿಡುವುದಿಲ್ಲ.

ಒಂದೇ ಕ್ರಿಯಾಪದ ಬಾಲ ಬದಲಾಯಿಸಿ ಬೇರೆ ಅರ್ಥ ಕೊಡುವುದೂ ಉಂಟು. ಲುಕ್ ಅಟ್ ಎಂದರೆ ನೋಡು, ಲುಕ್ ಫಾರ್ ಹುಡುಕು, ಲುಕ್ ಆಫ್ಟರ್ ನೋಡಿಕೋ, ಲುಕ್ ಇಂಟು ವಿಚಾರಿಸು. ಅಪ್ಲೈ ಮಾಡುವುದು ಕಂಪನಿಗೆ ಟು, ಕೆಲಸಕ್ಕೆ ಫಾರ್. ಅಗ್ರೀ ಆಗುವುದು ವ್ಯಕ್ತಿಯ ಜೊತೆ ವಿತ್, ಪ್ರಸ್ತಾಪಕ್ಕೆ ಟು. ‘ಅಟೆಂಡ್ ಟು’ ಎಂದರೆ ಹಾಜರಾಗುವುದಲ್ಲ, ಒಂದು ಕೆಲಸವನ್ನೋ ರೋಗಿಯನ್ನೋ ಗಮನಿಸುವುದು. ನರ್ಸ್ ‘ಅಟೆಂಡ್ಸ್ ಟು ದ ಪೇಷಂಟ್’ ಸರಿ.

ಒಂದು ರಜಾ ಮೇಲ್

ಇಷ್ಟನ್ನೂ ಒಂದೇ ಕಡೆ ನೋಡಬೇಕೆಂದರೆ ಇಂಥ ಮೇಲ್ ಓದಿ: ‘ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್. ಐ ಹ್ಯಾಡ್ ಗಾನ್ ಟು ಡಾಕ್ಟರ್ ಯೆಸ್ಟರ್ಡೇ. ಐ ಕುಡ್ ನಾಟ್ ಏಬಲ್ ಟು ಅಟೆಂಡ್ ಟು ಆಫೀಸ್ ಟಿಲ್ ಮಂಡೇ. ಕೈಂಡ್ಲಿ ಡೂ ದ ನೀಡ್‌ಫುಲ್’.

ಮ್ಯಾನೇಜರ್‌ಗೆ ಬೇಕಿರುವುದು ಒಂದೇ ಸಂಗತಿ: ಈ ಮನುಷ್ಯ ಸೋಮವಾರ ಬರುತ್ತಾನೋ ಇಲ್ಲವೋ? ‘ಟಿಲ್ ಮಂಡೇ’ ಎಂಬುದರಲ್ಲಿ ಅದು ಗೊತ್ತಾಗುವುದಿಲ್ಲ, ಇಂಗ್ಲಿಷ್ ಮನೆಮಾತಿನವರಿಗೂ ಇಲ್ಲಿ ಅನುಮಾನ ಬರುತ್ತದೆ. ಹೀಗೆ ಬರೆದರೆ ಮುಗಿಯಿತು: ‘ಡಿಯರ್ ಸರ್, ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟೂ ಡೇಸ್. ಐ ಸಾ ಎ ಡಾಕ್ಟರ್ ಯೆಸ್ಟರ್ಡೇ. 	ಐ ಕೆನಾಟ್ ಕಮ್ ಟು ವರ್ಕ್ ಟುಡೇ ಆರ್ ಆನ್ ಮಂಡೇ. ಐ ವಿಲ್ ಬಿ ಬ್ಯಾಕ್ ಆನ್ ಟ್ಯೂಸ್‌ಡೇ. ಪ್ಲೀಸ್ ಅಪ್ರೂವ್ ಮೈ ಲೀವ್’. ‘ಕುಡ್ ನಾಟ್ ಏಬಲ್ ಟು’ ಎಂಬ ಜೋಡಣೆಯೇ ಇಲ್ಲ; ಒಂದೋ ‘ಕುಡ್ ನಾಟ್’, ಇಲ್ಲವೇ ‘ವಾಸ್ ನಾಟ್ ಏಬಲ್ ಟು’. ‘ಡೂ ದ ನೀಡ್‌ಫುಲ್’ ತಪ್ಪಲ್ಲ, ಹಳೇ ಕಚೇರಿ ಭಾಷೆ. ಏನು ಬೇಕು ಎಂದು ಬಿಡಿಸಿ ಹೇಳುವುದು ಮೇಲು. ‘ಪ್ರೀಪೋನ್’ ಎಂಬ ನಮ್ಮ ನೆಲದ ಪದವನ್ನಂತೂ ಆಕ್ಸ್‌ಫರ್ಡ್ ನಿಘಂಟೇ ಸೇರಿಸಿಕೊಂಡಿದೆ, ಧೈರ್ಯವಾಗಿ ಬಳಸಿ. ನಾಚಿಕೊಳ್ಳಬೇಕಾದ ಇಂಗ್ಲಿಷ್ ಅಂತ ಯಾವುದೂ ಇಲ್ಲ. ಓದುವವರಿಗೆ ಬೇರೆ ಅರ್ಥ ಕೊಡುವ ತಪ್ಪುಗಳನ್ನು ಮೊದಲು ತಿದ್ದಿಕೊಂಡರಾಯಿತು.

ಯಾವ ನಿಘಂಟು, ಯಾವ ಪುಸ್ತಕ?

ಇಂಗ್ಲಿಷ್-ಕನ್ನಡ ನಿಘಂಟು ಅರ್ಥ ತಿಳಿಯಲು ಒಳ್ಳೆಯದು. ಯಾವ ಕ್ರಿಯಾಪದಕ್ಕೆ ಯಾವ ಬಾಲ ಎಂದು ತಿಳಿಯಲು ಕಲಿಯುವವರಿಗಾಗಿಯೇ ಮಾಡಿದ ನಿಘಂಟು ಬೇಕು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಎಂಬ ಮೇಷ್ಟ್ರು ಜೊತೆಗಾರರೊಂದಿಗೆ 1942ರಲ್ಲಿ ಟೋಕಿಯೊದಲ್ಲಿ ಇಂಥದ್ದೊಂದನ್ನು ಹೊರತಂದರು. ಇಂಗ್ಲಿಷ್ ಮನೆಮಾತಲ್ಲದವರಿಗೆ ಪದದ ಅರ್ಥದಷ್ಟೇ, ಅದು ವಾಕ್ಯದಲ್ಲಿ ಯಾವುದರ ಜೊತೆ ಕೂಡುತ್ತದೆ ಎಂಬುದೂ ಮುಖ್ಯ ಎಂದು ಕ್ರಿಯಾಪದಗಳ ಮಾದರಿಗಳನ್ನೇ ಅದರಲ್ಲಿ ವಿಂಗಡಿಸಿದರು. ಇವತ್ತಿನ ‘ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ’ ಅದರದೇ ಸಂತತಿ. ಇದೂ, ಕೇಂಬ್ರಿಜ್ ಮತ್ತು ಲಾಂಗ್‌ಮನ್‌ನ ಇಂಥ ನಿಘಂಟುಗಳೂ ಫೋನಿನಲ್ಲಿ ಪುಕ್ಕಟೆ ಸಿಗುತ್ತವೆ. ‘ಅಪಾಲಜೈಸ್’ ಎಂದು ಹುಡುಕಿದರೆ ವ್ಯಕ್ತಿಗೆ ಟು, ತಪ್ಪಿಗೆ ಫಾರ್ ಎಂಬುದು ಉದಾಹರಣೆ ಸಮೇತ ಅಲ್ಲೇ ಇರುತ್ತದೆ. ಅರ್ಥ ನೋಡಿ ಪುಟ ಮುಚ್ಚಬೇಡಿ, ಉದಾಹರಣೆ ಓದಿ.

ಅಭ್ಯಾಸಕ್ಕೆ ರೇಮಂಡ್ ಮರ್ಫಿಯ ಪುಸ್ತಕಗಳಷ್ಟು ಅನುಕೂಲದ್ದು ನನಗೆ ಬೇರೆ ಕಂಡಿಲ್ಲ. ಎಡ ಪುಟದಲ್ಲಿ ವಿವರಣೆ, ಬಲ ಪುಟದಲ್ಲಿ ಅಭ್ಯಾಸ, ಉತ್ತರ ಹಿಂದುಗಡೆ. 1985ರಲ್ಲಿ ಮೊದಲು ಬಂದ ನೀಲಿ ರಕ್ಷಾಪುಟದ ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’ ಸ್ವಲ್ಪ ಬಲ್ಲವರಿಗೆ. ಹೊಸಬರು ಕೆಂಪು ರಕ್ಷಾಪುಟದ ‘ಎಸೆನ್ಷಿಯಲ್ ಗ್ರಾಮರ್ ಇನ್ ಯೂಸ್’ ಹಿಡಿಯಲಿ. ಅಂಗಡಿಯವರು ನೀಲಿಯನ್ನೇ ಕೈಗಿಟ್ಟರೆ ಬಣ್ಣ ನೋಡಿ ವಾಪಸ್ ಕೊಡಿ. ರೆನ್ ಆ್ಯಂಡ್ ಮಾರ್ಟಿನ್ ವ್ಯಾಕರಣ ಪುಸ್ತಕ ಪರೀಕ್ಷೆಗೆ ಸರಿ, ಕೆಲಸದ ಇಂಗ್ಲಿಷಿಗೆ ಹಳತಾಯಿತು.

ನೋಟ್‌ಬುಕ್ಕಿನಲ್ಲಿ ‘ವೇಟ್: ಕಾಯು’ ಎಂದು ಬರೆದುಕೊಳ್ಳುವ ಶಾಲೆಯ ರೂಢಿ ಬಿಡಿ. ‘ವೇಟ್ ಫಾರ್ ದ ಬಸ್: ಬಸ್ಸಿಗೆ ಕಾಯು’ ಎಂದು ಬಾಲದ ಸಮೇತ, ನೀವು ನಿಜವಾಗಿ ಆಡುವ ಒಂದು ವಾಕ್ಯದಲ್ಲಿ ಬರೆಯಿರಿ. ಮೆಟ್ರೊದಲ್ಲಿ ಕೂತಾಗ ಅದನ್ನೇ ಒಮ್ಮೆ ಬಾಯಲ್ಲಿ ಆಡಿಕೊಂಡರೆ ನಾಲಿಗೆಗೆ ರೂಢಿಯಾಗುತ್ತದೆ.

ಶುರುಮಾಡುವುದಕ್ಕೆ ಕ್ಲಾಸು, ಶುಲ್ಕ ಏನೂ ಬೇಡ. ಇವತ್ತು ರಾತ್ರಿ ನಿಮ್ಮ ಮೇಲ್‌ನ ‘ಸೆಂಟ್’ ಪೆಟ್ಟಿಗೆ ತೆರೆದು, ಹುಡುಕುವ ಜಾಗದಲ್ಲಿ ಮೊದಲು ‘ಸಿನ್ಸ್’, ಆಮೇಲೆ ‘ಹ್ಯಾಡ್’, ಆಮೇಲೆ ‘ಅಬೌಟ್’ ಎಂದು ಹಾಕಿ. ಸಿಕ್ಕ ವಾಕ್ಯಗಳನ್ನು ಒಂದೊಂದಾಗಿ ತಿದ್ದಿ ಬರೆಯಿರಿ. ಸಂದರ್ಶನ ಹತ್ತಿರವಿದ್ದರೆ ‘ಹ್ಯಾವ್ ಬೀನ್ ವರ್ಕಿಂಗ್ ಫಾರ್’ ಎಂಬ ಒಂದನ್ನಾದರೂ ಬಾಯಿಪಾಠ ಮಾಡಿಕೊಂಡೇ ಹೋಗಿ.